ಮೂರೂವರೆ ಗಂಟೆಯ ದೂರ

ನಾವು ಉರ್ದು ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಗ ನಮ್ಮ ಓಣಿಯ ಖಾಲಾ ಒಬ್ಬರು ತಿಂಗಳಿಗೊಮ್ಮೆ ಕರೆಸಿಕೊಂಡು ಮಗನಿಗೆ ಪತ್ರ ಬರೆಸುತ್ತಿದ್ದರು. ರಕ್ತಸಂಬಂಧದಲ್ಲಿ ಅವರು ನಮಗೇನೂ ಆಗಬೇಕಿರಲಿಲ್ಲ. ಓಣಿಯ ಮಕ್ಕಳಿಗೆಲ್ಲ ಅವರು ಖಾಲಾ, ಅವರ ಮಗ ನಮಗೆಲ್ಲ ಭಾಯಿಜಾನ್. ಭಾಯಿಜಾನ್ ದುಬೈಯಲ್ಲಿ ಕಟ್ಟಡ ಕಟ್ಟುವ ಕಂಪೆನಿಯೊಂದರಲ್ಲಿ ಕಬ್ಬಿಣದ ಸರಳು ಕಟ್ಟುವ ಕೆಲಸಕ್ಕಿದ್ದರು. ಖಾಲಾ ಹೇಳುತ್ತಾ ಹೋಗುವರು, ನಾವು ಬರೆಯುತ್ತಾ ಹೋಗುವೆವು. ಹಸು ಕರು ಹಾಕಿದ್ದು, ಹೆಂಚು ಸೋರಿದ್ದು, ಅಬ್ಬಾನ ಕೆಮ್ಮು ಹೆಚ್ಚಾಗಿದ್ದು. ಕೊನೆಗೆ ಮಾತ್ರ ಒಂದು ಎಚ್ಚರಿಕೆ ಇರುತ್ತಿತ್ತು: "ಬೇಗ ಬಾ ಅಂತ ಬರೀಬೇಡ, ಅವನಿಗೆ ಬೇಜಾರಾಗ್ತದೆ."

ಒಂದು ದಿನ ಪತ್ರ ಮುಗಿದ ಮೇಲೆ ಖಾಲಾ ಕೇಳಿದರು: "ಕಿತ್ತಾ ದೂರ್ ಹೈ ರೇ ದುಬೈ?" ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ನಾಚಿಕೆಯಾಗಿ ಮನೆಗೆ ಓಡಿ ಅಣ್ಣನ ಅಟ್ಲಾಸ್ ತಂದೆವು. ಅದರಲ್ಲಿ ನಮ್ಮೂರು ಇರಲಿಲ್ಲ, ಕುಂದಾಪುರವೂ ಇರಲಿಲ್ಲ. ಮಂಗಳೂರಿನ ಚುಕ್ಕೆಯಿಂದ ದುಬೈಯ ಚುಕ್ಕೆಗೆ ದಾರ ಹಿಡಿದು, ದಾರವನ್ನು ಬೆರಳಿನಿಂದ ಅಳೆದು, "ಮೂರು ಬೆರಳು" ಎಂದೆವು. ಖಾಲಾ ಆ ನೀಲಿ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಮೂರೇ ಬೆರಳಾ? ಮತ್ತೆ ಬರಲಿಕ್ಕೇನು ಅವನಿಗೆ?" ಎಂದು ನಕ್ಕುಬಿಟ್ಟರು.

ಆ ನಗುವಿನೊಳಗೆ ಒಂದು ಪ್ರಶ್ನೆಯಿತ್ತೆಂದು ನಮಗೆ ಹೊಳೆಯಲು ಇಪ್ಪತ್ತು ವರ್ಷ ಹಿಡಿಯಿತು.

ಆಗಿನ ದುಬೈ ದಾರಿಯನ್ನು ಇಂದಿನ ಹುಡುಗರಿಗೆ ಹೇಳಿದರೆ ನಂಬಲಿಕ್ಕಿಲ್ಲ. ನಮ್ಮ ಕರಾವಳಿಯಿಂದ ಗಲ್ಫಿಗೆ ಹೋಗುವವರು ಮೊದಲು ಬೊಂಬಾಯಿ ಸೇರಬೇಕಿತ್ತು. ಕೊಂಕಣ ರೈಲು ಪೂರ್ತಿಯಾಗಿ ಓಡಾಟಕ್ಕೆ ತೆರೆದದ್ದು 1998ರಲ್ಲಿ. ಅದಕ್ಕೂ ಮೊದಲು ಒಂದು ಹಗಲು, ಒಂದು ರಾತ್ರಿಯ ಬಸ್ಸು. ಬೊಂಬಾಯಿಯಲ್ಲಿ ಊರಿನವರ ಕೋಣೆಯಲ್ಲಿ ನೆಲದ ಮೇಲೆ ಮಲಗಿ, ಟಿಕೆಟು ಖಾತ್ರಿಯಾಗುವವರೆಗೆ ಕಾದು, ನಂತರ ವಿಮಾನ. ಪತ್ರವೊಂದು ಹೋಗಿ ಉತ್ತರ ಬರಲು ತಿಂಗಳು ಬೇಕು. ಕೆಲವರು ಕೆಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಮಗನ ದನಿ ಮನೆಗೆ ಬರುವಾಗ ಅವನ ನೆಗಡಿ ವಾಸಿಯಾಗಿ ಎಷ್ಟೋ ದಿನ ಕಳೆದಿರುತ್ತಿತ್ತು.

1989ರ ಮಳೆಗಾಲದಲ್ಲಿ ಭಾಯಿಜಾನರ ಅಬ್ಬಾ ತೀರಿಕೊಂಡರು. ಟೆಲಿಗ್ರಾಂ ಕಳಿಸಿದ್ದಾಯಿತು. ಅದು ಕಂಪೆನಿಯ ಅಂಚೆ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಮರುಭೂಮಿಯ ನಡುವಿನ ಸೈಟಿಗೆ ತಲುಪಲು ಆರು ದಿನ. ಅಷ್ಟರಲ್ಲಿ ಊರಿನಲ್ಲಿ ಮಣ್ಣು ಕೊಟ್ಟಾಗಿತ್ತು. ಮಗನ ಪತ್ರ ಬಂದಾಗ ಇಪ್ಪತ್ತು ದಿನ ಕಳೆದಿತ್ತು. ಅದನ್ನು ಓದಿ ಹೇಳಿದವರು ನಾವೇ. ಊರಿನಲ್ಲಿ ಯಾರೂ ಭಾಯಿಜಾನರನ್ನು ದೂರಲಿಲ್ಲ. "ಪಾಪ, ಅಷ್ಟು ದೂರ" ಎಂದರು. ನಡುವೆ ಸಮುದ್ರವಿತ್ತು. ಸಮುದ್ರವನ್ನು ಯಾರು ಬೈಯಲಾದೀತು?

ಆಮೇಲೆ ಕಾಲ ಬದಲಾಯಿತು. 2006ರ ಅಕ್ಟೋಬರಿನಲ್ಲಿ ಬಜ್ಪೆಯಿಂದ ನೇರವಾಗಿ ದುಬೈಗೆ ವಿಮಾನ ಹಾರತೊಡಗಿತು. 1951ರಲ್ಲಿ ತೆರೆದ, ಗುಡ್ಡದ ನೆತ್ತಿಯ ಆ ಪುಟ್ಟ ನಿಲ್ದಾಣಕ್ಕೆ ಅದು ಮೊದಲ ವಿದೇಶ ಸಂಪರ್ಕ. ಭೂಗೋಳದ ಮೇಲೆ ಎಳೆಯಬಹುದಾದ ಅತ್ಯಂತ ಚಿಕ್ಕ ಗೆರೆಯನ್ನು ಹಿಡಿದರೆ ಮಂಗಳೂರು ಮತ್ತು ದುಬೈ ವಿಮಾನ ನಿಲ್ದಾಣಗಳ ನಡುವೆ ಸುಮಾರು 2,460 ಕಿ.ಮೀ. ಇದೆ. ಮೇಲೇರಿ, ಸಮುದ್ರ ದಾಟಿ, ಕೆಳಗಿಳಿಯಲು ಹೆಚ್ಚುಕಡಿಮೆ ಮೂರೂವರೆ ಗಂಟೆ. ನಮ್ಮೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವ ಸಮಯದಲ್ಲಿ ಇಬ್ಬರು ದುಬೈಗೆ ಹೋಗಿ ಬರಬಹುದು.

ಈ ಮೂರೂವರೆ ಗಂಟೆಗೆ ಒಂದು ವಿಚಿತ್ರವೂ ಉಂಟು. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮಂಗಳೂರಿನಿಂದ ಸಂಜೆ ಏಳಕ್ಕೆ ಹೊರಟವನು ಅಲ್ಲಿಯ ಗಡಿಯಾರದಲ್ಲಿ ಒಂಬತ್ತಕ್ಕೆ ಇಳಿಯುತ್ತಾನೆ, ಕೇವಲ ಎರಡು ಗಂಟೆ. ಮರಳಿ ಬರುವಾಗ ರಾತ್ರಿ ಒಂದಕ್ಕೆ ಹೊರಟರೆ ಇಲ್ಲಿ ಬೆಳಗಿನ ಆರು, ಐದು ಗಂಟೆ. ದಾರಿ ಅದೇ, ಆಕಾಶ ಅದೇ. ಹೋಗುವುದು ಚಿಕ್ಕದು, ಬರುವುದು ದೊಡ್ಡದು ಎಂದು ಗಡಿಯಾರ ಹೇಳುತ್ತದೆ. ಗಲ್ಫಿಗೆ ಮಗನನ್ನು ಕಳಿಸಿದ ಯಾವ ತಾಯಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2011ರಲ್ಲಿ ಒಂದು ಶುಕ್ರವಾರ, ಫಜರಿನ ಹೊತ್ತಿಗೆ ಖಾಲಾ ತೀರಿಕೊಂಡರು. ಮೊಬೈಲಿನಲ್ಲಿ ಸುದ್ದಿ ಐದು ನಿಮಿಷದೊಳಗೆ ಭಾಯಿಜಾನರಿಗೆ ಮುಟ್ಟಿತು. ಅಂಗಳದಲ್ಲಿ ಜಮಾತಿನ ಹಿರಿಯರು ಕುಳಿತು ಯೋಚಿಸಿದರು. ಮಯ್ಯಿತ್ತನ್ನು ಬಹಳ ಹೊತ್ತು ಇಟ್ಟುಕೊಳ್ಳಬಾರದು, ಬೇಗ ಮಣ್ಣು ಕೊಡಬೇಕು ಎಂಬುದು ರೂಢಿ. ಆದರೆ ಒಬ್ಬನೇ ಮಗ. "ಮೂರೂವರೆ ಗಂಟೆಯ ದಾರಿ ತಾನೇ? ಕಾಯೋಣ" ಎಂದರು ಮುತವಲ್ಲಿ ಸಾಹೇಬರು. ಗುಸ್ಲ್ ಆಯಿತು, ಕಫನ್ ಆಯಿತು. ಜುಮ್ಮಾ ಮುಗಿಯಿತು, ಅಸರ್ ಮುಗಿಯಿತು. ಅಂಗಳದಲ್ಲಿದ್ದವರೆಲ್ಲ ಆಗಾಗ ತಲೆಯೆತ್ತಿ ನೋಡುತ್ತಿದ್ದರು, ವಿಮಾನ ನಮ್ಮ ಓಣಿಯಲ್ಲೇ ಇಳಿಯುವುದೇನೋ ಎಂಬಂತೆ.

ಅಲ್ಲಿ ನಡೆದದ್ದೇ ಬೇರೆ. ಭಾಯಿಜಾನರ ಪಾಸ್‌ಪೋರ್ಟು ಕಂಪೆನಿಯ ತಿಜೋರಿಯಲ್ಲಿತ್ತು. ಶುಕ್ರವಾರ ಕಚೇರಿಗೆ ರಜೆ. ಬೀಗದ ಕೈ ಇದ್ದವರು ಫೋನು ಎತ್ತಲಿಲ್ಲ. ಶನಿವಾರ ಎತ್ತಿದರು, ಆದರೆ ರಜೆಗೆ ಸಹಿ ಹಾಕಬೇಕಾದ ಸಾಹೇಬರು ಊರಿನಲ್ಲಿರಲಿಲ್ಲ. ಅವರು ಬಂದಾಗ ಸೈಟಿನಲ್ಲಿ ಕಾಂಕ್ರೀಟು ಸುರಿಯುವ ದಿನ ಹತ್ತಿರವಿತ್ತು, ಬದಲಿ ಆಳು ಸಿಗುವವರೆಗೆ ಬಿಡುವಂತಿರಲಿಲ್ಲ. ಬದಲಿ ಆಳು ಸಿಕ್ಕಾಗ ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಟಿಕೆಟಿನ ದರ ಎರಡು ತಿಂಗಳ ಸಂಬಳ ನುಂಗುವಷ್ಟು ಏರಿತ್ತು. ಇಲ್ಲಿ ಮಗ್ರಿಬಿನ ನಂತರ ಖಾಲಾನಿಗೆ ಮಣ್ಣು ಕೊಟ್ಟೆವು. ಮಗ ಬಂದದ್ದು ಹನ್ನೊಂದನೆಯ ದಿನ.

ಈ ಸಲ ಊರು ಸುಮ್ಮನಿರಲಿಲ್ಲ. "ಮೂರೂವರೆ ಗಂಟೆಯ ದಾರಿ. ಹೆತ್ತ ತಾಯಿಗೆ ಬರಲಾಗಲಿಲ್ಲವೆ?" ಎಂದಿತು. "ದುಡ್ಡಿನ ಮುಖ ನೋಡಿದ" ಎಂದಿತು. ನಾವೂ ಅಂದವರೇ. ಅವರೆದುರು ಅಲ್ಲ, ಚಹದಂಗಡಿಯಲ್ಲಿ. ಆ ತಪ್ಪನ್ನು ಈ ಬರಹದಲ್ಲಿ ಒಪ್ಪಿಕೊಳ್ಳದಿದ್ದರೆ ಬರೆಯುವುದರಲ್ಲಿ ಅರ್ಥವಿಲ್ಲ.

ಭಾಯಿಜಾನ್ ಖಬರಸ್ಥಾನದಿಂದ ಮರಳುವಾಗ ನಮ್ಮ ಹೆಗಲ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು: "ಅಬ್ಬಾ ಹೋದಾಗ ನನ್ನನ್ನು ಸಮುದ್ರ ತಡೆದಿತ್ತು ತಮ್ಮಾ, ಯಾರ ಮೇಲೂ ಸಿಟ್ಟು ಬರಲಿಲ್ಲ. ಈಗ ಯಾರು ತಡೆದರು ಅಂತ ಹನ್ನೊಂದು ದಿನ ಯೋಚಿಸಿದೆ. ಒಬ್ಬರ ಹೆಸರೂ ಪೂರ್ತಿಯಾಗಿ ಸಿಗಲಿಲ್ಲ."

ನಮ್ಮ ಚರ್ಚೆ ಇರುವುದು ಈ ಮಾತಿನಲ್ಲಿ. ವಿಮಾನ ದೂರವನ್ನು ಕಡಿಮೆ ಮಾಡಿತು ಎನ್ನುತ್ತೇವೆ. ನಿಜವಾಗಿ ಆದದ್ದೇನು? ಒಂದು ಕಾಲದಲ್ಲಿ ದೂರ ಪ್ರಕೃತಿಯ ಕೈಯಲ್ಲಿತ್ತು. ಇಂದು ಅದು ಮನುಷ್ಯರ ಕೈಗೆ ಬಂದಿದೆ. ಪ್ರಕೃತಿಯ ಕೈಯಲ್ಲಿದ್ದಷ್ಟು ದಿನ ಅದು ವಿಧಿ. ಮನುಷ್ಯರ ಕೈಗೆ ಬಂದ ಮೇಲೆ ಅದು ನೈತಿಕ ಪ್ರಶ್ನೆ.

ಪ್ರಕೃತಿಯ ಕಾಲವನ್ನು ತುಸು ನೆನೆಯೋಣ. ನಮ್ಮ ಕರಾವಳಿಗೂ ಅರಬರ ನಾಡಿಗೂ ನಡುವಿನ ಹಾಯಿ ಹಡಗುಗಳು ಮಾರುತಗಳ ಆಜ್ಞೆಯಂತೆ ನಡೆಯುತ್ತಿದ್ದವು. ಚಳಿಗಾಲದ ಈಶಾನ್ಯ ಗಾಳಿ ಇಲ್ಲಿಂದ ಅಲ್ಲಿಗೆ ಒಯ್ಯುತ್ತಿತ್ತು, ನೈಋತ್ಯ ಗಾಳಿ ಅಲ್ಲಿಂದ ಇಲ್ಲಿಗೆ ತರುತ್ತಿತ್ತು. ಗಾಳಿ ತಪ್ಪಿಸಿಕೊಂಡವನು ತಿಂಗಳುಗಟ್ಟಲೆ ಕಾಯಬೇಕು. 14ನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತಾ ಅಲ್ಲಿ ಪರ್ಷಿಯಾ ಮತ್ತು ಯೆಮನ್ನಿನ ವರ್ತಕರನ್ನು ಕಂಡು ದಾಖಲಿಸಿದ್ದಾನೆ. ಅದಕ್ಕೂ ಇನ್ನೂರು ವರ್ಷ ಮೊದಲು ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಸುಮಾರು 17 ವರ್ಷ ನೆಲೆಸಿದ್ದ. ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಉಳಿದುಬಂದ ಅವನ ಕಾಗದಪತ್ರಗಳನ್ನು ಆಧರಿಸಿ ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಬರೆದರು. ಬೆನ್ ಯಿಜು 1149ರಲ್ಲಿ ಏಡನ್ನಿಗೆ ಮರಳಿದಾಗ, ಹುಟ್ಟೂರಿನ ಕಡೆ ಯುದ್ಧ ನಡೆದಿತ್ತು. ಒಡಹುಟ್ಟಿದವರು ಎಲ್ಲಿದ್ದಾರೆಂದು ತಿಳಿಯದೆಯೇ ಅವರಿಗೆ ಪತ್ರ ಬರೆಯಬೇಕಾಯಿತು. 'ನೀನೇಕೆ ಬರಲಿಲ್ಲ?' ಎಂದು ಅವನನ್ನು ಕೇಳುವವರಾರು? ಗಾಳಿಗೆ ಹೊಣೆಗಾರಿಕೆ ಇಲ್ಲ.

ಹಜ್‌ಯಾತ್ರೆಗೆ ಹೊರಟವರು ಊರಿನ ಪ್ರತಿಯೊಬ್ಬರ ಬಳಿ ಮಾಫಿ ಕೇಳುವ ಪದ್ಧತಿಗೆ ಬಲ ಬಂದದ್ದೂ ಆ ಕಾಲದಲ್ಲೇ ಇರಬೇಕು. ಹಡಗಿನಲ್ಲಿ ಹೋದವರು ಮರಳುವುದು ಖಾತ್ರಿಯಿರಲಿಲ್ಲ. ಮುಂಬಯಿಯಿಂದ ಜಿದ್ದಾಕ್ಕೆ ಯಾತ್ರಿಕರ ಹಡಗು 1995ರಲ್ಲಿ ನಿಂತಿತು. ಇಂದು ಬೆಂಗಳೂರಿನಿಂದ ಜಿದ್ದಾಕ್ಕೆ 4,200 ಕಿ.ಮೀ.ಗೆ ತುಸು ಕಡಿಮೆ, ಆರು ಗಂಟೆಯೊಳಗಿನ ಹಾರಾಟ. ಆದರೂ ಮಾಫಿ ಕೇಳುತ್ತಾರೆ. ಕೇಳಬೇಕು ಕೂಡ. ದಾರಿ ಚಿಕ್ಕದಾಯಿತೆಂದು ಮನುಷ್ಯನ ಋಣ ಚಿಕ್ಕದಾಗುವುದಿಲ್ಲ.

ಈಗ ಇಂದಿನ ಲೆಕ್ಕ ನೋಡಿ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ಈ ಗೋಳದ ಮೇಲೆ ಯಾವ ಎರಡು ಊರುಗಳೂ 20,000 ಕಿ.ಮೀ.ಗಿಂತ ಹೆಚ್ಚು ದೂರವಿರಲು ಸಾಧ್ಯವೇ ಇಲ್ಲ. ಸಿಂಗಾಪುರದಿಂದ ನ್ಯೂಯಾರ್ಕಿಗೆ 15,000 ಕಿ.ಮೀ.ಗೂ ಹೆಚ್ಚು ದೂರವನ್ನು ಎಲ್ಲೂ ಇಳಿಯದೆ ಹದಿನೆಂಟು-ಹತ್ತೊಂಬತ್ತು ಗಂಟೆಯಲ್ಲಿ ದಾಟುತ್ತಾರೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂದಾಗ ಅದನ್ನು ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಹೆಚ್ಚುಕಡಿಮೆ 14,000 ಕಿ.ಮೀ. ದಾರಿಯನ್ನು ಉತ್ತರ ಧ್ರುವದ ಮೇಲಿನಿಂದ ಹಾದು, ಸುಮಾರು 17 ಗಂಟೆಯಲ್ಲಿ ಬಂದರು. ಚಪ್ಪಟೆ ಅಟ್ಲಾಸಿನಲ್ಲಿ ದಾರ ಹಿಡಿದ ನಮ್ಮಂಥವರಿಗೆ ಈ ದಾರಿ ಹೊಳೆಯುವುದೇ ಇಲ್ಲ. ಗೋಳವನ್ನು ಕೈಯಲ್ಲಿ ಹಿಡಿದವರಿಗೆ ಮಾತ್ರ ಕಾಣುತ್ತದೆ.

ಇದರ ಅರ್ಥವೇನು? ತಡೆಯಿಲ್ಲದಿದ್ದರೆ, ವಿಮಾನ ನಿಲ್ದಾಣದ ಆಸುಪಾಸಿನಲ್ಲಿರುವ ಯಾವ ಮನುಷ್ಯನೂ ಇನ್ನೊಬ್ಬನಿಂದ ಒಂದೆರಡು ದಿನಗಳಿಗಿಂತ ಹೆಚ್ಚು ದೂರದಲ್ಲಿಲ್ಲ. ಆದರೆ ಆ 'ತಡೆಯಿಲ್ಲದಿದ್ದರೆ' ಎಂಬ ಒಂದು ಮಾತಿನೊಳಗೆ ಇಡೀ ಜಗತ್ತೇ ಕುಳಿತಿದೆ. ಸ್ಯಾನ್ ಫ್ರಾನ್ಸಿಸ್ಕೋ ದುಬೈಗಿಂತ ಆರು ಪಟ್ಟಿನಷ್ಟು ದೂರ. ಆದರೂ ಅಲ್ಲಿಯ ಕಂಪ್ಯೂಟರ್ ಎಂಜಿನಿಯರ್ ತಾಯಿಯ ಮಣ್ಣಿಗೆ ಮೂರನೆಯ ದಿನ ಬರಬಲ್ಲ, ದುಬೈಯ ಸರಳು ಕಟ್ಟುವವನು ಹನ್ನೊಂದನೆಯ ದಿನ ಬರುತ್ತಾನೆ. ಎಂಜಿನಿಯರನ ಪಾಡೂ ಸುಖದ್ದೇನಲ್ಲ. ವೀಸಾದ ಮುದ್ರೆ ಹೊಸದಾಗಿ ಬೀಳುವುದೋ ಇಲ್ಲವೋ, ಹೋದರೆ ಮರಳಲಾದೀತೋ ಎಂಬ ಹೆದರಿಕೆಯಲ್ಲಿ ಊರಿಗೆ ಬಾರದೆ ಉಳಿದವರೂ ಇದ್ದಾರೆ. ಇಬ್ಬರನ್ನೂ ತಡೆಯುವುದು ಕಿಲೋಮೀಟರು ಅಲ್ಲ.

ಕಿಲೋಮೀಟರು ಬದಲಾಗದೆ ದೂರ ಬದಲಾದ ಪ್ರಸಂಗಗಳು ನಮ್ಮ ಕಣ್ಣೆದುರೇ ಇವೆ. ದೋಹಾದಿಂದ ದುಬೈಗೆ 400 ಕಿ.ಮೀ.ಯೂ ಇಲ್ಲ. 2017ರ ಜೂನಿನಲ್ಲಿ ಕತಾರಿನ ಮೇಲೆ ನೆರೆಯ ದೇಶಗಳು ದಿಗ್ಬಂಧನ ಹೇರಿದಾಗ ಒಂದು ಗಂಟೆಯ ಆ ಹಾರಾಟ ನಿಂತುಹೋಯಿತು. ದೋಹಾದಲ್ಲಿ ಅಣ್ಣ, ದುಬೈಯಲ್ಲಿ ತಮ್ಮ ಇದ್ದ ನಮ್ಮ ಕರಾವಳಿಯ ಕುಟುಂಬಗಳು ಮಸ್ಕತ್ತನ್ನೋ ಕುವೈತನ್ನೋ ಬಳಸಿ ಹೋಗಬೇಕಾಯಿತು. ಇದು 2021ರ ಜನವರಿಯವರೆಗೆ ನಡೆಯಿತು. ಇನ್ನು ದೆಹಲಿ ಮತ್ತು ಕರಾಚಿ ನಿಲ್ದಾಣಗಳ ನಡುವೆ ನೇರ ಗೆರೆಯಲ್ಲಿ ಸುಮಾರು 1,070 ಕಿ.ಮೀ. ನೇರ ವಿಮಾನವಿಲ್ಲದೆ ದುಬೈ ಸುತ್ತಿ ಹೋಗುವವರಿಗೆ ಅದು ಮೂರು ಪಟ್ಟು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯಾಕಾಂಡದ ನಂತರ ಎರಡೂ ದೇಶಗಳು ಒಂದರ ವಿಮಾನಕ್ಕೆ ಇನ್ನೊಂದು ತನ್ನ ಆಕಾಶವನ್ನೇ ಮುಚ್ಚಿದವು. ದೆಹಲಿಯಿಂದ ಪಶ್ಚಿಮಕ್ಕೆ ಹಾರುವ ಎಷ್ಟೋ ವಿಮಾನಗಳ ದಾರಿ ಉದ್ದವಾಯಿತು. ಇಂಥ ನಿರ್ಧಾರಗಳಿಗೆ ಕಾರಣಗಳಿರುತ್ತವೆ, ಕೆಲವು ಕಾರಣಗಳು ರಕ್ತದಿಂದಲೇ ಬರೆಯಲ್ಪಟ್ಟಿರುತ್ತವೆ. ನಮ್ಮ ಮಾತು ಇಷ್ಟೇ: ಅವು ನಿರ್ಧಾರಗಳು. ಗಾಳಿಯಲ್ಲ, ಅಲೆಯಲ್ಲ.

2020ರಲ್ಲಿ ಇದು ಎಲ್ಲರಿಗೂ ತಿಳಿಯಿತು. ಕೊರೊನಾದ ಕಾರಣದಿಂದ ಮಾರ್ಚ್ 22ರ ನಂತರ ವಿದೇಶಿ ಹಾರಾಟಗಳು ನಿಂತವು. ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಇಳಿದದ್ದು ಮೇ 12ರಂದು. ಮೂರೂವರೆ ಗಂಟೆಯ ದಾರಿ ಐವತ್ತು ದಿನವಾಯಿತು. ಗರ್ಭಿಣಿಯರು, ಕೆಲಸ ಕಳೆದುಕೊಂಡವರು, ಮನೆಯಲ್ಲಿ ಸಾವಾದವರು ಹಾಯಿ ಹಡಗಿನ ಕಾಲದವರಂತೆ ಕಾದರು. ರೋಗ ಪ್ರಕೃತಿಯದೇ ಇರಬಹುದು. ಆದರೆ ಯಾರನ್ನು ಮೊದಲು ಕರೆತರಬೇಕು, ಟಿಕೆಟಿನ ಹಣ ಯಾರು ಕೊಡಬೇಕು ಎಂದು ತೀರ್ಮಾನಿಸಿದ್ದು ಮನುಷ್ಯರು.

ಇದಕ್ಕೆ ವಿರುದ್ಧವಾದ ನೆನಪೂ ಇದೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ, ಬಸ್ಸುಗಳಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದ ಭಾರತೀಯರನ್ನು ಕರೆತರಲು ಎರಡು ತಿಂಗಳಲ್ಲಿ 488 ಬಾರಿ ವಿಮಾನ ಹಾರಿತು. ಒಂದು ಲಕ್ಷಕ್ಕೂ ಹೆಚ್ಚು ಜನ ನಾಲ್ಕು ಸಾವಿರ ಕಿ.ಮೀ. ದಾಟಿ ಬೊಂಬಾಯಿಗೆ ಬಂದರು. ಪಾಸ್‌ಪೋರ್ಟು ಕಳೆದುಕೊಂಡವರೂ ಬಂದರು. ತರಬೇಕೆಂದು ಮನಸ್ಸು ಮಾಡಿದಾಗ ದೂರ ಎಂಬುದು ಇರಲೇ ಇಲ್ಲ.

ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಂಗಾಳದ ನಿರಾಶ್ರಿತರ ಸಂಕಟ ಅದಕ್ಕೆ ಹಿನ್ನೆಲೆ. ಅವರ ವಾದದ ತಿರುಳು ಇದು: ಕಣ್ಣೆದುರು ಕೊಳದಲ್ಲಿ ಮುಳುಗುವ ಮಗುವನ್ನು ಎತ್ತುವುದು ನಮ್ಮ ಕರ್ತವ್ಯವಾದರೆ, ಸಾವಿರ ಮೈಲಿಯಾಚೆ ಸಾಯುವ ಮಗುವನ್ನು ಉಳಿಸುವುದೂ ಕರ್ತವ್ಯವೇ, ನಮ್ಮ ಕೈಗೆ ಅದು ಸಾಧ್ಯವಿರುವಾಗ ದೂರವೊಂದೇ ವಿನಾಯಿತಿ ಕೊಡಲಾರದು. ಈ ವಾದವನ್ನು ಒಪ್ಪದವರೂ ಬಹಳ ಇದ್ದಾರೆ. ಮನೆಯ ಮಗುವಿಗೂ ಊರಾಚೆಯ ಮಗುವಿಗೂ ನಮ್ಮ ಬಾಧ್ಯತೆ ಒಂದೇ ಅಳತೆಯದೇ ಎಂಬುದು ಸುಲಭದ ಪ್ರಶ್ನೆಯಲ್ಲ. ಆದರೆ ಒಂದಂತೂ ನಿಜ. 'ದೂರ' ಎಂದು ಹೇಳಿ ಪಾರಾಗುವ ಬಾಗಿಲು ವಿಮಾನ ಬಂದ ಮೇಲೆ ಕಿರಿದಾಗಿದೆ. 'ಆಗಲಿಲ್ಲ' ಎಂಬ ಕಡೆ ಎಷ್ಟೋ ಸಲ 'ಬಿಡಲಿಲ್ಲ' ಎಂದೋ 'ಮಾಡಲಿಲ್ಲ' ಎಂದೋ ಹೇಳಬೇಕಾಗುತ್ತದೆ.

ನಮ್ಮ ಫಿಕಹಿನ ವಿದ್ವಾಂಸರೂ ಈ ಗಂಟನ್ನು ಬೇರೊಂದು ತುದಿಯಿಂದ ಹಿಡಿದಿದ್ದರು. ಪ್ರಯಾಣಿಕನಿಗೆ ನಮಾಜನ್ನು ಕಿರಿದು ಮಾಡುವ, ಉಪವಾಸವನ್ನು ಮುಂದೂಡುವ ರಿಯಾಯಿತಿ ಉಂಟು. ಎಷ್ಟು ದೂರ ಹೋದವನು ಪ್ರಯಾಣಿಕ? ಹನಫಿ ವಿದ್ವಾಂಸರು ಮೂರು ದಿನದ ನಡಿಗೆಯ ಹಾದಿ ಎಂದರು. ಮುಂದೆ ಅದನ್ನು 48 ಮೈಲಿ, ಅಂದರೆ 77 ಕಿ.ಮೀ. ಆಸುಪಾಸು ಎಂದು ಹಲವರು ಲೆಕ್ಕ ಹಾಕಿದರು. ವಿಮಾನ ಅಷ್ಟು ದೂರವನ್ನು ಆರು ನಿಮಿಷದಲ್ಲಿ ದಾಟುತ್ತದೆ. ಹಾಗಾದರೆ ರಿಯಾಯಿತಿ ಇದೆಯೋ ಇಲ್ಲವೋ? ಇದೆ ಎಂದೇ ವಿದ್ವಾಂಸರು ಹೇಳಿದರು. ಕಾಲದ ಲೆಕ್ಕದಲ್ಲಿ ಸುಲಭವೆಂದು ಕಂಡ ಮಾತ್ರಕ್ಕೆ ಪ್ರಯಾಣಿಕ ಪ್ರಯಾಣಿಕನಾಗದೆ ಹೋಗುವುದಿಲ್ಲ. ನಮ್ಮೂರಿನವನು ಬಜ್ಪೆ ನಿಲ್ದಾಣ ಮುಟ್ಟುವಷ್ಟರಲ್ಲೇ 77 ಕಿ.ಮೀ. ದಾಟಿ ಮುಸಾಫಿರನಾಗಿರುತ್ತಾನೆ. ವಿಮಾನ ಹತ್ತುವ ಮೊದಲೇ ಅವನು ಮನೆ ಕಳೆದುಕೊಂಡವನು. ಗಂಟೆಯೊಂದನ್ನೇ ನೋಡಿ ಮನುಷ್ಯನ ಕಷ್ಟವನ್ನು ಅಳೆಯಬಾರದೆಂಬ ಈ ವಿವೇಕ ನಮ್ಮ ಕಿತಾಬುಗಳಲ್ಲಿತ್ತು, ಅಂದು ಚಹದಂಗಡಿಯಲ್ಲಿ ಕುಳಿತ ನಮ್ಮಲ್ಲಿ ಇರಲಿಲ್ಲ.

ಎಲ್ಲವೂ ಮನುಷ್ಯನ ಕೈಯಲ್ಲಿದೆ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವ ಧೈರ್ಯ ನಮ್ಮ ಜಿಲ್ಲೆಗಳವರಿಗೆ ಬಾರದು. 2010ರ ಮೇ 22ರ ಬೆಳಿಗ್ಗೆ ಆರರ ಹೊತ್ತಿಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಓಡುಪಥದ ಅಂಚು ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಇಡೀ ಸಮುದ್ರವನ್ನು ದಾಟಿ ಬಂದವರು ಅವರು. ಹೊರಗೆ ಸ್ವಾಗತಕ್ಕೆ ಬಂದವರು ನಿಂತಿದ್ದರು. ಗುರುತು ಸಿಗದ ಶವಗಳನ್ನು ಫಲ್ಗುಣಿ ನದಿಯ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಲಾಯಿತು. ಯಾರು ಯಾವ ಧರ್ಮದವರೆಂದು ಮಣ್ಣು ಕೇಳಲಿಲ್ಲ. 2,460 ಕಿ.ಮೀ.ಯಲ್ಲಿ ಕೊನೆಯ ಕೆಲವು ನೂರು ಮೀಟರುಗಳು ದೇವರಿಗೆ ಮಾತ್ರ ಗೊತ್ತು ಎಂಬ ನಮ್ರತೆ ಇರಲೇಬೇಕು. ಆದರೆ ಬೀಗ ಹಾಕಿದ ತಿಜೋರಿಯನ್ನು ದೇವರ ಲೆಕ್ಕಕ್ಕೆ ಬರೆಯುವುದು ನಮ್ರತೆಯಲ್ಲ.

ತಿಜೋರಿಯ ಮಾತಿಗೇ ಬರೋಣ. ಉದ್ಯೋಗದಾತ ನೌಕರನ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮ ಅಲ್ಲಿದೆ, ಆದರೂ ಇಟ್ಟುಕೊಳ್ಳುವವರು ಇದ್ದರು. ದೇಶ ಬಿಡಲು ಕಫೀಲನ ಅನುಮತಿ ಬೇಕೆಂಬ ಕಟ್ಟಳೆ ಕೊಲ್ಲಿಯ ಕೆಲವು ದೇಶಗಳಲ್ಲಿ ಬಹುಕಾಲವಿತ್ತು. ಕತಾರ್ 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ, 2020ರಲ್ಲಿ ಮನೆಗೆಲಸದವರಿಗೂ ಅದನ್ನು ತೆಗೆದುಹಾಕಿತು. ಸೌದಿ ಅರೇಬಿಯಾ 2021ರ ಮಾರ್ಚ್‌ನಲ್ಲಿ ಖಾಸಗಿ ಕಂಪೆನಿಗಳ ನೌಕರರಿಗೆ ಸಡಿಲಿಸಿತು, ಮನೆಗೆಲಸದವರು ಆಗ ಅದರ ಹೊರಗುಳಿದರು. ಹೀಗೆ ಒಂದು ಆದೇಶ ಒಂದೇ ದಿನದಲ್ಲಿ ಲಕ್ಷಾಂತರ ಜನರ ಊರನ್ನು ಹತ್ತಿರಕ್ಕೆ ತರಬಲ್ಲುದು. ಯಾವ ಹೊಸ ವಿಮಾನಕ್ಕೂ ಅಷ್ಟು ವೇಗವಿಲ್ಲ. ಸತ್ತವರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ತೀರಿಕೊಂಡವರ ಶವ ಮರಣಪತ್ರ, ರಾಯಭಾರ ಕಚೇರಿಯ ಪತ್ರ, ಆ ಮುದ್ರೆ, ಈ ಮುದ್ರೆ ಎಂದು ದಿನಗಟ್ಟಲೆ ಶವಾಗಾರದಲ್ಲಿ ಕಾಯುತ್ತದೆ. ಎಷ್ಟೋ ವರ್ಷ ಶವವನ್ನು ಸಾಮಾನಿನಂತೆ ತೂಕ ಹಾಕಿ ಸಾಗಣೆಯ ದರ ಕಟ್ಟುತ್ತಿದ್ದರು.

ಭಾಯಿಜಾನ್ ಹೇಳಿದಂತೆ ಇಲ್ಲಿ ಒಬ್ಬ ಖಳನಾಯಕ ಸಿಗುವುದಿಲ್ಲ. ಬೀಗದ ಕೈಯವನು ರಜೆಯಲ್ಲಿದ್ದ, ಸಹಿ ಹಾಕುವವನು ಪ್ರವಾಸದಲ್ಲಿದ್ದ, ಮೇಲ್ವಿಚಾರಕನಿಗೆ ಕಾಂಕ್ರೀಟಿನ ಚಿಂತೆ, ಟಿಕೆಟು ಮಾರುವವನಿಗೆ ಋತುಮಾನದ ದರ. ಒಬ್ಬೊಬ್ಬರೂ ಒಂದೆರಡು ದಿನ ಕೂಡಿಸಿದರು. ಹನಿ ಹನಿ ಕೂಡಿ ಹಳ್ಳ ಎನ್ನುತ್ತಾರೆ. ಇವರ ಹನಿಗಳು ಕೂಡಿ ಒಂದು ಸಮುದ್ರವಾಯಿತು. ಹಳೆಯ ಸಮುದ್ರವನ್ನು ಮೂರೂವರೆ ಗಂಟೆಯಲ್ಲಿ ದಾಟಬಹುದಿತ್ತು, ಹೊಸದನ್ನು ದಾಟಲು ಹನ್ನೊಂದು ದಿನ ಬೇಕಾಯಿತು.

ಇಷ್ಟು ಬರೆದು ನಿಲ್ಲಿಸಿದ್ದರೆ ನಮಗೂ ನೆಮ್ಮದಿ, ಓದುವವರಿಗೂ ನೆಮ್ಮದಿ. ತಪ್ಪೆಲ್ಲ ಸಮುದ್ರದಾಚೆಯ ಸಾಹೇಬರದು ಎಂದು ಎದ್ದುಹೋಗಬಹುದಿತ್ತು. ಆದರೆ ಹೋದ ವರ್ಷ ನಾವು ನಮ್ಮ ಮನೆಗೆ ಮೇಲಂತಸ್ತು ಕಟ್ಟಿಸುತ್ತಿದ್ದೆವು. ಕೆಲಸಕ್ಕೆ ಬಂದವರು ಕೊಪ್ಪಳದ ಕಡೆಯವರು. ನಮ್ಮ ಕರಾವಳಿಯಲ್ಲಿ ಗಲ್ಫಿನ ದುಡ್ಡಿನಿಂದ ಎದ್ದ ಎಷ್ಟೋ ಮನೆಗಳ ಕಲ್ಲು-ಸಿಮೆಂಟು ಹೊತ್ತವರು ಉತ್ತರ ಕರ್ನಾಟಕದ ಈ ಜನರೇ. ಅವರಲ್ಲಿ ಸರಳು ಕಟ್ಟುವ ಹುಡುಗನೊಬ್ಬ ಒಂದು ಸಂಜೆ ಬಂದು, "ಸಾಹೇಬ್ರೆ, ಅಪ್ಪಗ ಭಾಳ ಆರಾಮಿಲ್ಲಂತ. ಊರಿಗೆ ಹೋಗಿ ಬರ್ತೀನ್ರಿ. ಆದಷ್ಟು ಪಗಾರ ಕೊಡ್ರಿ" ಎಂದ. ನಾವು ಅಂದದ್ದು ಇಷ್ಟು: "ನಾಡಿದ್ದು ಸ್ಲ್ಯಾಬ್ ಇದೆಯಲ್ಲಪ್ಪಾ. ಅದೊಂದು ಮುಗಿಸಿ ಹೋಗು. ಪೂರ್ತಿ ಲೆಕ್ಕ ಮಾಡಿ ಕೊಡುತ್ತೇವೆ."

ಕೊಪ್ಪಳ ಇಲ್ಲಿಂದ ಒಂದು ರಾತ್ರಿಯ ಬಸ್ಸು. ಹುಡುಗ ಏನೂ ಅನ್ನಲಿಲ್ಲ. ಮೂರು ದಿನ ಕೆಲಸ ಮಾಡಿ, ಸ್ಲ್ಯಾಬ್ ಮುಗಿಸಿ, ಲೆಕ್ಕ ತೆಗೆದುಕೊಂಡು ಹೋದ. ಅವನಪ್ಪ ಬದುಕಿಕೊಂಡ, ದೇವರು ದೊಡ್ಡವನು. ಆದರೆ ಅವನು ಹೊರಟ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹನ್ನೊಂದು ದಿನದ ಸಮುದ್ರಕ್ಕೆ ಅಲ್ಲಿ ಯಾರು ಯಾರು ಹನಿ ಸುರಿದರೆಂದು ಇಷ್ಟು ವರ್ಷ ಎಣಿಸುತ್ತಿದ್ದ ನಾವು, ಇಲ್ಲಿ ನಮ್ಮ ಕೈಯಿಂದಲೇ ಮೂರು ದಿನ ಸುರಿದಿದ್ದೆವು. ಅವನ ಪಗಾರ ನಮ್ಮ ಕಪಾಟಿನಲ್ಲಿತ್ತು. ಬೀಗದ ಕೈ ನಮ್ಮ ಜೇಬಿನಲ್ಲಿತ್ತು.

ಹಾಗಾಗಿ ಎರಡು ಊರುಗಳ ನಡುವಿನ ದೂರವನ್ನು ಯಾರಾದರೂ ಕೇಳಿದರೆ ನಾವೀಗ ಕಿಲೋಮೀಟರನ್ನೂ ಗಂಟೆಯನ್ನೂ ಹೇಳಿ ಸುಮ್ಮನಾಗುವುದಿಲ್ಲ. ನಡುವೆ ಯಾರು ಯಾರು ನಿಂತಿದ್ದಾರೆ, ಅವರಲ್ಲಿ ನಾವೂ ಒಬ್ಬರೇ ಎಂದು ಒಮ್ಮೆ ನೋಡಿಕೊಳ್ಳುತ್ತೇವೆ. ಸರಕಾರಗಳ ಆಕಾಶವನ್ನು ತೆರೆಯುವುದು ನಮ್ಮಂಥವರ ಕೈಯಲ್ಲಿಲ್ಲ. ಕಪಾಟನ್ನು ತೆರೆಯುವುದು ಇದೆ.

ಭಾಯಿಜಾನ್ ಈಗ ಊರಿಗೇ ಬಂದು ನೆಲೆಸಿದ್ದಾರೆ. ಶುಕ್ರವಾರದ ನಮಾಜು ಮುಗಿಸಿ ತಪ್ಪದೆ ಖಬರಸ್ಥಾನಕ್ಕೆ ಹೋಗುತ್ತಾರೆ. ಮಸೀದಿಯಿಂದ ಅಲ್ಲಿಗೆ ಇನ್ನೂರು ಹೆಜ್ಜೆ ಇರಬಹುದು. ಚಹದಂಗಡಿಯಲ್ಲಿ ಆಡಿದ ಮಾತಿಗೆ ನಾವು ಅವರಲ್ಲಿ ಮಾಫಿ ಕೇಳಬೇಕು. ಒಂದೇ ಓಣಿ, ನಾಲ್ಕು ಮನೆಯ ಅಂತರ. ಹದಿನಾಲ್ಕು ವರ್ಷದಿಂದ ಇವತ್ತು, ನಾಳೆ ಎನ್ನುತ್ತಾ ಬಂದಿದ್ದೇವೆ. ಈ ಬರಹ ಅಚ್ಚಾಗಿ ಅವರ ಕೈ ಸೇರುವ ಮೊದಲು ಹೋಗಿ ಬರಬೇಕು.